ಹಲ್ಲುನೋವೆಂದು ಹೇಳಲಾರದವರ ಹಲ್ಲಿನ ಆರೈಕೆ

ವಿಕಲಚೇತನ ವಯಸ್ಕರಿಗೆ ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗೆ



ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಬೇರೊಂದು ಆಸ್ಪತ್ರೆಯಲ್ಲಿದ್ದೆ. ಒಬ್ಬ ತಾಯಿ ಮೂವತ್ತು ದಾಟಿದ ಮಗನನ್ನು ಕೈಹಿಡಿದು ಕರೆತಂದರು. ಹುಟ್ಟಿನಿಂದ ಬೌದ್ಧಿಕ ವೈಕಲ್ಯ, ನಾಲ್ಕೈದು ಪದ ಬಿಟ್ಟರೆ ಮಾತಿಲ್ಲ. “ಸಿಸ್ಟರ್, ಇವನು ಹೀಗಿರ್ಲಿಲ್ಲ. ಹದಿನೈದು ದಿನದಿಂದ ಕೆನ್ನೆಗೆ ಹೊಡ್ಕೋತಾನೆ. ತಟ್ಟೆ ತಳ್ತಾನೆ. ರಾತ್ರಿ ನಿದ್ದೆ ಇಲ್ಲ, ನಮಗೂ ಇಲ್ಲ. ದೃಷ್ಟಿ ತೆಗೆಸಿದ್ದೂ ಆಯ್ತು” ಎಂದರು. ನಾನು ಚೀಟಿಯಲ್ಲಿ “ಸಿಟ್ಟು ಹೆಚ್ಚು, ಸಹಕರಿಸುವುದಿಲ್ಲ” ಎಂದು ಬರೆದೆ. ನಿದ್ದೆಗೆ ಮಾತ್ರೆ ಬರೆದುಕೊಟ್ಟರು, ಮನೆಗೆ ಹೋದರು.

ವಾರ ಕಳೆದು ಅವರು ಮತ್ತೆ ಬಂದಾಗ ಮಗನ ಬಲದವಡೆ ಊದಿತ್ತು, ಮೈ ಸುಡುತ್ತಿತ್ತು. ಡಾಕ್ಟರು ಟಾರ್ಚ್ ಹಿಡಿದು ನೋಡಿದರೆ ಕೆಳಗಿನ ಬಲಗಡೆ ದವಡೆ ಹಲ್ಲು ಪೂರ್ತಿ ಹುಳುಕಾಗಿ ಬೇರು ಮಾತ್ರ ಉಳಿದು ಕೀವು ತುಂಬಿತ್ತು. ಆ ಹುಡುಗ ಹೊಡೆದುಕೊಳ್ಳುತ್ತಿದ್ದದ್ದು ಬಲಗೆನ್ನೆಗೆ ಮಾತ್ರ. ಮೂರು ವಾರದಿಂದ ನೋವಿನ ಜಾಗವನ್ನು ತೋರಿಸುತ್ತಲೇ ಇದ್ದ. ಬಾಯಿ ತೆರೆಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ನೋವು ಹೇಗೆ ಗೊತ್ತಾಗುತ್ತದೆ?

ಮಾತು ಬಾರದವರು, ಆಟಿಸಂ ಇರುವವರು, ಲಕ್ವ ಹೊಡೆದು ಮಾತು ನಿಂತವರು, ಮರೆವಿನ ಕಾಯಿಲೆಯ ಹಿರಿಯರು, ಇವರೆಲ್ಲ ಹಲ್ಲುನೋವನ್ನು ನಡವಳಿಕೆಯಲ್ಲಿ ಹೇಳುತ್ತಾರೆ. ಇಷ್ಟದ ತಿಂಡಿಯನ್ನು ಬೇಡವೆನ್ನುವುದು, ಒಂದೇ ಕಡೆ ಅಗಿಯುವುದು, ತಣ್ಣೀರು ಬಾಯಿಗೆ ಹಾಕಿದೊಡನೆ ಮುಖ ಕಿವುಚುವುದು, ಬೆರಳನ್ನು ಬಾಯಿಯೊಳಗೇ ಇಟ್ಟುಕೊಳ್ಳುವುದು, ಜೊಲ್ಲು ಹೆಚ್ಚಾಗುವುದು, ಬಾಯಿ ವಾಸನೆ, ಬೆಳಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕೆ, ತಲೆ ಚಚ್ಚಿಕೊಳ್ಳುವುದು, ಇವು ಹಲ್ಲಿನ ಅಥವಾ ವಸಡಿನ ತೊಂದರೆಯ ಗುರುತುಗಳಾಗಿರಬಹುದು. ಮೂರ್ಛೆರೋಗ ಇರುವವರಲ್ಲಿ ನಿದ್ದೆಗೆಟ್ಟು ಫಿಟ್ಸ್ ಹೆಚ್ಚಾಗುವುದೂ ಉಂಟು.

ಇವುಗಳಲ್ಲಿ ಕೆಲವು ಕೆಲವರಿಗೆ ಹಳೆಯ ಅಭ್ಯಾಸವೇ ಆಗಿರುತ್ತವೆ. ಆದ್ದರಿಂದ “ಇದು ಹೊಸದಾಗಿ ಶುರುವಾಯಿತೇ? ಯಾವತ್ತಿನಿಂದ?” ಎಂದು ಕೇಳಿಕೊಳ್ಳಿ. ಅದಕ್ಕೆ ಉತ್ತರ ಹೇಳಬಲ್ಲವರು ಡಾಕ್ಟರಲ್ಲ, ದಿನವೂ ಊಟ ಮಾಡಿಸುವ ನೀವು. “ಅವನ ಸ್ವಭಾವವೇ ಹಾಗೆ” ಎಂದು ಯಾರಾದರೂ ಹೇಳಿದರೆ, ಅದು ಬಿಳಿ ಕೋಟು ಹಾಕಿದವರಾದರೂ ಸರಿಯೇ, “ಒಮ್ಮೆ ಬಾಯಿ ನೋಡಿ” ಎಂದು ಕೇಳಿ. ಹೀಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಮನೆಯಲ್ಲಿಯೂ ವಾರಕ್ಕೊಮ್ಮೆ, ಉದಾಹರಣೆಗೆ ತಲೆಸ್ನಾನದ ದಿನ, ಟಾರ್ಚ್ ಹಿಡಿದು ತುಟಿ ಎತ್ತಿ ನೋಡಿ. ಕಪ್ಪು ಗುಳಿ, ಮುರಿದ ತುದಿ, ವಸಡಿನ ಮೇಲೆ ಸಣ್ಣ ಗುಳ್ಳೆ, ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತೋರಿಸಿ.

ಇವರ ಹಲ್ಲು ಏಕೆ ಬೇಗ ಕೆಡುತ್ತದೆ?

“ದೇವರು ಕೊಟ್ಟಿದ್ದೇ ಹಾಗೆ, ಹಲ್ಲೂ ಹಾಗೇ” ಎಂದು ಕೆಲವರು ಸುಮ್ಮನಾಗುತ್ತಾರೆ. ಅದು ತಪ್ಪು. ಹೆಚ್ಚಿನವರ ಹಲ್ಲು ಕೆಡುವುದು ಅಂಗವೈಕಲ್ಯದಿಂದಲ್ಲ. ಸರಿಯಾಗಿ ಉಜ್ಜಲು ಆಗದಿರುವುದು, ಆಹಾರ ಬಾಯಲ್ಲೇ ಉಳಿಯುವುದು, ಕೆಲವು ಔಷಧಿಗಳ ಪರಿಣಾಮ, ಇವೇ ಮುಖ್ಯ ಕಾರಣಗಳು. ಇವುಗಳಲ್ಲಿ ಬಹುಪಾಲನ್ನು ನಾವು ತಡೆಯಬಹುದು.

ಔಷಧಿಯಿಂದಲೇ ಆರಂಭಿಸೋಣ. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾತ್ರೆ (ಎಪ್ಟಾಯಿನ್ ಎಂದರೆ ಹೆಚ್ಚಿನವರಿಗೆ ಗೊತ್ತು) ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವಸಡು ದಪ್ಪವಾಗಿ ಹಲ್ಲಿನ ಮೇಲೆ ಬೆಳೆಯುತ್ತದೆ. ಪಾಚಿ ಕಟ್ಟಿದಷ್ಟೂ ಈ ಬೆಳವಣಿಗೆ ಹೆಚ್ಚು. ಚೆನ್ನಾಗಿ ಉಜ್ಜುವವರಲ್ಲಿ ಕಡಿಮೆ. ಇದನ್ನು ಓದಿ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ. ವಸಡು ಬೆಳೆದಿದ್ದರೆ ಫಿಟ್ಸಿನ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸುವುದೋ ಬೇಡವೋ ಅವರು ನೋಡುತ್ತಾರೆ. ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು. ಹಲ್ಲು ಕೀಳಿಸುವ ಮೊದಲು ಆ ಮಾತ್ರೆಯ ಹೆಸರು ಹಲ್ಲಿನ ಡಾಕ್ಟರಿಗೆ ತಿಳಿದಿರಲೇಬೇಕು.

ಮಾನಸಿಕ ಕಾಯಿಲೆಗೆ ಕೊಡುವ ಹಲವು ಮಾತ್ರೆಗಳು, ಅವುಗಳ ಜೊತೆ ಕೈನಡುಕಕ್ಕೆಂದು ಕೊಡುವ ಮಾತ್ರೆ, ಬಾಯಿಯನ್ನು ಒಣಗಿಸುತ್ತವೆ. ಜೊಲ್ಲು ನಮ್ಮ ಹಲ್ಲಿನ ಕಾವಲುಗಾರ. ಅದು ಕಡಿಮೆಯಾದರೆ ಬುಡದಲ್ಲೇ ಹುಳುಕು ಹಿಡಿಯುತ್ತದೆ. ಬಾಯಿ ಒಣಗಿದಾಗ ಪೆಪ್ಪರ್‌ಮೆಂಟು, ಸಕ್ಕರೆ ಕಾಫಿ, ಬಾಟಲಿ ಜ್ಯೂಸು ಬೇಡ. ಗುಟುಕು ಗುಟುಕು ನೀರು ಸಾಕು. ಸಿಹಿ ಸಿರಪ್ಪು ಕುಡಿಸಿದ ಮೇಲೂ ಒಂದು ಗುಟುಕು ನೀರು ಕುಡಿಸಿ. ಸಕ್ಕರೆ ಇಲ್ಲದ ಸಿರಪ್ಪು ಸಿಗುತ್ತದೆಯೇ ಎಂದು ಔಷಧಿ ಅಂಗಡಿಯಲ್ಲಿ ಕೇಳಿ.

ಡೌನ್ ಸಿಂಡ್ರೋಮ್ ಇರುವವರಲ್ಲಿ ಹುಳುಕಿಗಿಂತ ವಸಡಿನ ಕಾಯಿಲೆ ಮುಂದು. ಇಪ್ಪತ್ತು, ಇಪ್ಪತ್ತೈದು ವಯಸ್ಸಿಗೇ ಹಲ್ಲು ಅಲುಗಾಡುವುದುಂಟು. ಇವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹುಟ್ಟಿನಿಂದ ಹೃದಯದ ತೊಂದರೆಯೂ ಇರುತ್ತದೆ. ಕೆಲವು ಹೃದಯದ ತೊಂದರೆಗಳಲ್ಲಿ ಹಲ್ಲು ಕೀಳುವ ಮೊದಲು ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಚಿಕ್ಕಂದಿನಲ್ಲಿ ಆಪರೇಷನ್ ಆಗಿದ್ದರೂ ಹೇಳಿ, ಹಳೆಯ ಕಾಗದ ತೋರಿಸಿ. ಕುತ್ತಿಗೆಯ ಮೂಳೆ ಸಡಿಲವಿರುವ ಸಾಧ್ಯತೆಯೂ ಇರುವುದರಿಂದ ಇವರ ತಲೆಯನ್ನು ಬಲವಂತವಾಗಿ ಹಿಂದಕ್ಕೆ ಬಾಗಿಸಬಾರದು.

ಸೆರೆಬ್ರಲ್ ಪಾಲ್ಸಿ ಇರುವವರು ಹಲ್ಲು ಕಡಿಯುವುದು ಹೆಚ್ಚು, ಜೊತೆಗೆ ಹೊಟ್ಟೆಯ ಹುಳಿ ಮೇಲೆ ಬಂದು ಹಲ್ಲು ಸವೆಯುತ್ತದೆ. ವಾಂತಿಯಾದ ಕೂಡಲೇ ಉಜ್ಜಬೇಡಿ. ಬಾಯಿ ತೊಳೆಸಿ ಅರ್ಧ ಗಂಟೆ ಬಿಡಿ. ಲಕ್ವ ಹೊಡೆದವರಲ್ಲಿ ಬಿದ್ದುಹೋದ ಕಡೆಯ ಕೆನ್ನೆಯಲ್ಲಿ ಅನ್ನದ ಮುದ್ದೆ ಹಾಗೇ ಕುಳಿತಿರುತ್ತದೆ. ಅವರಿಗದು ಗೊತ್ತೇ ಆಗುವುದಿಲ್ಲ. ಪ್ರತಿ ಊಟದ ನಂತರ ಆ ಕಡೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒರೆಸಿ.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ನುಂಗಲು ಕಷ್ಟವಿರುವವರಲ್ಲಿ ಬಾಯಿಯ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪದೇ ಪದೇ ಕೆಮ್ಮು ಜ್ವರವೆಂದು ಬರುವವರ ಬಾಯಿಯನ್ನು ಒಮ್ಮೆ ನೋಡಬೇಕು. ಮೂಗಿನ ಟ್ಯೂಬಿನಲ್ಲಿ ಊಟ ಕೊಡುತ್ತಿದ್ದರೆ ಬಾಯಿ ಸ್ವಚ್ಛ ಮಾಡುವುದು ಬೇಡವೆಂದಲ್ಲ. ಆಗ ಇನ್ನೂ ಹೆಚ್ಚು ಬೇಕು.

ಮನೆಯಲ್ಲಿ ಉಜ್ಜಿಸುವ ಬಗೆ

ದಿನಕ್ಕೆ ಎರಡು ಸಲ. ಎರಡೂ ಆಗದಿದ್ದರೆ ರಾತ್ರಿಯದ್ದನ್ನು ಬಿಡಬೇಡಿ. ನಮ್ಮಲ್ಲಿ ಬೆಳಗ್ಗೆ ಎದ್ದೊಡನೆ ಹಲ್ಲುಜ್ಜುವ ಅಭ್ಯಾಸ ಗಟ್ಟಿಯಾಗಿದೆ, ರಾತ್ರಿಯದ್ದು ಇಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಆಗಲೇ ಹುಳುಕು ಬೇಗ ಬೆಳೆಯುವುದು.

ಮುಂದೆ ನಿಂತು ಉಜ್ಜಿಸಲು ಹೋದರೆ ಜಗಳವೇ ಆಗುತ್ತದೆ. ಅವರಿಗೆ ನಿಮ್ಮ ಕೈ ಮುಖದ ಮೇಲೆ ಬಂದಂತೆ ಕಾಣುತ್ತದೆ. ಹಿಂದೆ ನಿಲ್ಲಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ನೀವು ಹಿಂದೆ ನಿಂತು ಅವರ ತಲೆಯನ್ನು ನಿಮ್ಮ ಹೊಟ್ಟೆಗೆ ಅಥವಾ ಎದೆಗೆ ಒರಗಿಸಿಕೊಳ್ಳಿ. ಎಡಗೈಯಿಂದ ಗಲ್ಲ ಹಿಡಿದು, ಅದೇ ಕೈಯ ಬೆರಳಿನಿಂದ ತುಟಿ ಸರಿಸಿ, ಬಲಗೈಯಲ್ಲಿ ಉಜ್ಜಿ. ಎದುರಿಗೆ ಕನ್ನಡಿ ಇದ್ದರೆ ನೀವು ಏನು ಮಾಡುತ್ತಿದ್ದೀರೆಂದು ಅವರಿಗೂ ಕಾಣುತ್ತದೆ. ಎತ್ತರದ ಗಂಡುಮಕ್ಕಳಾದರೆ ಅವರು ನೆಲದ ಮೇಲೆ, ನೀವು ಮಂಚದ ಮೇಲೆ ಕುಳಿತರೂ ಆಯಿತು. ಬಚ್ಚಲಮನೆಯೇ ಆಗಬೇಕೆಂದಿಲ್ಲ. ಟಿ.ವಿ. ಮುಂದೆ ಕುಳಿತು ಉಜ್ಜಿಸಿಕೊಳ್ಳುವವರಿದ್ದಾರೆ, ಅಡ್ಡಿಯಿಲ್ಲ. ಹಾಸಿಗೆ ಹಿಡಿದವರನ್ನು ದಿಂಬು ಕೊಟ್ಟು ಅರ್ಧ ಕೂರಿಸಿ ಅಥವಾ ಒಂದು ಪಕ್ಕಕ್ಕೆ ತಿರುಗಿಸಿ. ಅಂಗಾತ ಮಲಗಿಸಿ ಎಂದಿಗೂ ಉಜ್ಜಬೇಡಿ.

ಬ್ರಷ್ ಚಿಕ್ಕ ತಲೆಯದು, ಮೃದುವಾದದ್ದು ಇರಲಿ. ಮಕ್ಕಳ ಬ್ರಷ್ ಸಾಕು. ಪೇಸ್ಟು ಫ್ಲೋರೈಡ್ ಇರುವುದು, ಬಟಾಣಿ ಕಾಳಿನಷ್ಟು. ಉಗುಳಲು ಬಾರದವರಿಗೆ ಅಕ್ಕಿಕಾಳಿನಷ್ಟು ಸಾಕು. ಕೊನೆಗೆ ಒದ್ದೆ ಬಟ್ಟೆಯಿಂದ ನೊರೆ ಒರೆಸಿಬಿಡಿ. ಉಗುಳಬಲ್ಲವರು ಉಗುಳಿದರೆ ಸಾಕು, ಆಮೇಲೆ ನೀರು ಹಾಕಿ ಮುಕ್ಕಳಿಸಿದರೆ ಪೇಸ್ಟಿನ ಗುಣ ತೊಳೆದುಹೋಗುತ್ತದೆ. ತುಮಕೂರು ರಸ್ತೆಯ ಕಡೆಯಿಂದ ಬರುವವರು, ಅದರಲ್ಲೂ ಪಾವಗಡದ ಕಡೆಯವರು, “ನಮ್ಮೂರ ನೀರಲ್ಲೇ ಫ್ಲೋರೈಡು, ಪೇಸ್ಟಲ್ಲೂ ಯಾಕೆ?” ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಲ್ಲಿನ ಕಂದು ಕಲೆ ಬರುವುದು ಮಕ್ಕಳ ಹಲ್ಲು ಬೆಳೆಯುವ ಕಾಲದಲ್ಲಿ ಆ ನೀರು ಕುಡಿದದ್ದರಿಂದ. ದೊಡ್ಡವರ ಹಲ್ಲು ಆಗಲೇ ಬೆಳೆದಾಗಿದೆ. ನುಂಗದೆ ಹೊರಗಿನಿಂದ ಹಚ್ಚುವ ಪೇಸ್ಟಿನಿಂದ ಕಲೆ ಬರುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಬೇಡ, ಹಲ್ಲು ಸವೆಯುತ್ತದೆ. ಹೊಗೆಸೊಪ್ಪು ಬೆರೆಸಿದ ಪುಡಿಯಂತೂ ಬೇಡವೇ ಬೇಡ.

ಬ್ರಷ್ಷನ್ನು ಕಚ್ಚಿ ಹಿಡಿದರೆ ಎಳೆಯಬೇಡಿ. ಎಳೆದಷ್ಟೂ ಬಿಗಿಯಾಗುತ್ತದೆ. ಕೆನ್ನೆಯನ್ನು ಮೆಲ್ಲಗೆ ಸವರುತ್ತ ಕಾಯಿರಿ, ತಾನೇ ಸಡಿಲವಾಗುತ್ತದೆ. ಇಂಥವರಿಗೆ ಎರಡು ಬ್ರಷ್ ಇಟ್ಟುಕೊಳ್ಳಿ. ಒಂದು ಹಳೆಯ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ಒಂದು ಪಕ್ಕ ಕಚ್ಚಲು ಕೊಟ್ಟು, ಇನ್ನೊಂದು ಪಕ್ಕ ಉಜ್ಜಿ. ನಿಮ್ಮ ಬೆರಳು ಹಲ್ಲುಗಳ ನಡುವೆ ಹೋಗದಿರಲಿ, ಕೆನ್ನೆಯ ಕಡೆಯಿಂದಲೇ ಇರಲಿ. ಮೊದಮೊದಲು ವಸಡಿನಿಂದ ರಕ್ತ ಬರುತ್ತದೆ. ಹೆದರಿ ನಿಲ್ಲಿಸುವವರೇ ಹೆಚ್ಚು. ಆ ರಕ್ತ ಉಜ್ಜಿದ್ದರಿಂದಲ್ಲ, ಉಜ್ಜದೆ ಇದ್ದದ್ದರಿಂದ. ಹತ್ತು ಹದಿನೈದು ದಿನ ಮೆಲ್ಲಗೆ ಉಜ್ಜಿದರೆ ಕಡಿಮೆಯಾಗುತ್ತದೆ. ಆಗದಿದ್ದರೆ ತೋರಿಸಿ.

ಬ್ರಷ್ ಕಂಡರೇ ಓಡುವವರಿಗೆ ಒಂದೇ ದಿನದಲ್ಲಿ ಎಲ್ಲವೂ ಆಗುವುದಿಲ್ಲ. ಮೊದಲ ಕೆಲವು ದಿನ ಬ್ರಷ್ಷನ್ನು ಕೈಯಲ್ಲಿ ಹಿಡಿಯಲಿ. ಆಮೇಲೆ ತುಟಿಗೆ ಮುಟ್ಟಿಸಿ, ಆಮೇಲೆ ಮುಂದಿನ ಎರಡು ಹಲ್ಲು. ಗಟ್ಟಿಯಾಗಿ ಹತ್ತರವರೆಗೆ ಎಣಿಸಿ, ಹತ್ತಾದೊಡನೆ ನಿಲ್ಲಿಸಿ. ಇನ್ನೊಂದು ಹಲ್ಲು ಉಳಿದಿದ್ದರೂ ಮಾತಿಗೆ ತಪ್ಪಬೇಡಿ, ನಂಬಿಕೆ ಕೆಟ್ಟರೆ ನಾಳೆ ಬಾಯಿ ತೆರೆಯುವುದಿಲ್ಲ. ಆಟಿಸಂ ಇರುವ ಕೆಲವರಿಗೆ ಪೇಸ್ಟಿನ ಪುದೀನ ಖಾರವೇ ಬೆಂಕಿಯಂತೆ. ಪೇಸ್ಟು ಇಲ್ಲದೆ ಬರಿ ನೀರಿನಲ್ಲಿ ಶುರು ಮಾಡಿ, ಆಮೇಲೆ ಖಾರವಿಲ್ಲದ ಪೇಸ್ಟು ಹುಡುಕಿ. ಚೆನ್ನಾಗಿ ಉಜ್ಜಿಸಿಕೊಂಡರೆಂದು ಚಾಕಲೇಟು ಕೊಡುವ ಅಮ್ಮಂದಿರನ್ನು ಕಂಡಿದ್ದೇನೆ. ನಗು ಬರುತ್ತದೆ, ಆದರೆ ಅವರ ಪ್ರೀತಿಗೆ ಏನು ಹೇಳುವುದು? ಚಾಕಲೇಟಿನ ಬದಲು ಅವರಿಗಿಷ್ಟದ ಹಾಡು ಹಾಕಿ.

ತಾವೇ ಉಜ್ಜಿಕೊಳ್ಳುವವರಿಗೆ

ಪೀಣ್ಯದ ಕಾರ್ಖಾನೆಗಳಲ್ಲಿ ಕೈಗೆ ಪೆಟ್ಟಾದವರು, ಪೋಲಿಯೊ ಆದವರು, ಒಂದು ಕೈ ಸ್ವಾಧೀನ ತಪ್ಪಿದವರು ನಮ್ಮಲ್ಲಿಗೆ ಬರುತ್ತಾರೆ. ಹಿಡಿತ ಸಾಲದಿದ್ದರೆ ಬ್ರಷ್ಷಿನ ಹಿಡಿಗೆ ಸೈಕಲ್ಲಿನ ರಬ್ಬರ್ ಗ್ರಿಪ್ಪನ್ನು ತೂರಿಸಿ, ಅಥವಾ ತೂತು ಮಾಡಿದ ರಬ್ಬರ್ ಚೆಂಡನ್ನು ಸಿಕ್ಕಿಸಿ. ಬೆರಳೇ ಮಡಚದಿದ್ದರೆ ಅಗಲ ಎಲಾಸ್ಟಿಕ್ಕಿನಿಂದ ಬ್ರಷ್ಷನ್ನು ಅಂಗೈಗೆ ಕಟ್ಟಿಕೊಳ್ಳಬಹುದು. ಕೈ ಆಡಿಸಲು ಕಷ್ಟವಿದ್ದು ಕೈಯಲ್ಲಿ ಹಣವಿದ್ದರೆ ಬ್ಯಾಟರಿ ಬ್ರಷ್ ಒಳ್ಳೆಯದು. ತಮ್ಮ ಕೈಲಾದಷ್ಟು ಉಜ್ಜಿಕೊಳ್ಳುವವರನ್ನು ಮನೆಯವರು ತಡೆಯಬೇಡಿ. ಅವರು ಮುಗಿಸಿದ ಮೇಲೆ ಕೇಳಿ, ಹಿಂದಿನ ಹಲ್ಲುಗಳನ್ನು ನೀವೊಮ್ಮೆ ಉಜ್ಜಿಕೊಡಿ. ಫಿಟ್ಸ್ ಹತೋಟಿಯಲ್ಲಿಲ್ಲದವರು ತೆಗೆದು ಹಾಕುವ ಕಟ್ಟಿದ ಹಲ್ಲು ಹಾಕಿಸಿಕೊಳ್ಳುವ ಮೊದಲು ಡಾಕ್ಟರ ಬಳಿ ಮಾತಾಡಿ, ಫಿಟ್ಸ್ ಬಂದಾಗ ಅದು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಹಲ್ಲಿನ ಡಾಕ್ಟರ ಬಳಿ ಹೋಗುವಾಗ

ನೋವು ಬಂದ ಮೇಲೆ ಮೊದಲ ಸಲ ಹೋಗುವುದಕ್ಕಿಂತ ನೋವಿಲ್ಲದಾಗ ಒಮ್ಮೆ ಹೋಗಿಬನ್ನಿ. ಅವತ್ತು ಏನೂ ಮಾಡಿಸಬೇಡಿ. ಕುರ್ಚಿಯಲ್ಲಿ ಕುಳಿತು, ಅದು ಮೇಲೆ ಕೆಳಗೆ ಆಡುವುದನ್ನು ನೋಡಿ ಬರಲಿ. ಬೆಳಗಿನ ಮೊದಲ ಹೊತ್ತಿಗೆ ಸಮಯ ಕೇಳಿ, ಗಲಾಟೆ ಕಡಿಮೆ ಇರುತ್ತದೆ, ಕಾಯುವುದೂ ಕಡಿಮೆ. ದೀಪದ ಬೆಳಕು ಆಗದವರಿಗೆ ಕಪ್ಪು ಕನ್ನಡಕ ಹಾಕಿ. ಕಿವಿ ಕೇಳದವರ ಮುಂದೆ ಡಾಕ್ಟರು ಮಾಸ್ಕ್ ಇಳಿಸಿ ಮೊದಲೇ ಹೇಳಬೇಕು. ಕಿವಿಯ ಮೆಷಿನ್ನು ಯಂತ್ರದ ಸದ್ದಿಗೆ ಕಿರುಚುತ್ತದೆ, ಆ ಹೊತ್ತಿಗೆ ಆಫ್ ಮಾಡಲಿ. ಕಣ್ಣು ಕಾಣದವರಿಗೆ ಮುಟ್ಟುವ ಮೊದಲು ಹೇಳಿ ಮುಟ್ಟಬೇಕು. ವ್ಹೀಲ್‌ಚೇರಿನಿಂದ ಇಳಿಸುವುದು ಕಷ್ಟವಾದರೆ ಅದರಲ್ಲೇ ಕೂರಿಸಿ ನೋಡಬಹುದೇ ಎಂದು ಕೇಳಿ, ಸಣ್ಣಪುಟ್ಟ ಕೆಲಸ ಹಾಗೆಯೇ ಆಗುತ್ತದೆ.

ಎಷ್ಟು ಮಾಡಿದರೂ ಬಾಯಿ ತೆರೆಯದಿದ್ದರೆ ನಾಲ್ಕು ಜನ ಹಿಡಿದು ಮಾಡಿಸುವುದು ದಾರಿಯಲ್ಲ. ಒಮ್ಮೆ ಹಾಗೆ ಹಿಡಿಸಿಕೊಂಡವರು ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ ಸಮ್ಮುಖದಲ್ಲಿ ನಿದ್ದೆ ಬರಿಸಿ, ತುಂಬುವುದು, ಕೀಳುವುದು, ಶುಚಿ ಮಾಡುವುದನ್ನು ಒಂದೇ ಸಲ ಮುಗಿಸುತ್ತಾರೆ. ಅದಕ್ಕೆ ಮುಂಚೆ ಹೇಳಿದಷ್ಟು ಗಂಟೆ ಉಪವಾಸ ಕಡ್ಡಾಯ. “ಒಂದು ಲೋಟ ಕಾಫಿ ತಾನೆ” ಎನ್ನಬೇಡಿ, ಹಾಲು ಬೆರೆಸಿದ ಕಾಫಿಯೂ ಊಟದ ಲೆಕ್ಕವೇ. ಫಿಟ್ಸಿನ ಮಾತ್ರೆಯನ್ನು ಅವತ್ತು ಬೆಳಗ್ಗೆ ಹೇಗೆ ಕೊಡಬೇಕೆಂದು ಮೊದಲೇ ಕೇಳಿಕೊಳ್ಳಿ.

ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸಿದ ದಿನ ಎರಡು ಮೂರು ಗಂಟೆ ಪಕ್ಕದಲ್ಲೇ ಇರಿ. ತುಟಿಗೆ ಸ್ಪರ್ಶವಿಲ್ಲದ್ದರಿಂದ ಆಟವೆಂಬಂತೆ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ. ಮರಗಟ್ಟಿದ್ದು ಬಿಡುವವರೆಗೆ ಬಿಸಿ ಆಹಾರ, ಅಗಿಯುವ ಆಹಾರ ಬೇಡ.

ದವಡೆಯ ಕೆಳಗೆ ಊತ, ಬಾಯಿ ತೆರೆಯಲಾಗದಿರುವುದು, ನುಂಗಲು ಉಸಿರಾಡಲು ಕಷ್ಟ, ಜೊತೆಗೆ ಜ್ವರ ಇದ್ದರೆ ನಾಳೆವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ ದೊಡ್ಡಾಸ್ಪತ್ರೆಗೆ ಹೋಗಿ. ಊತಕ್ಕೆ ಬಿಸಿ ಶಾಖ ಕೊಡಬೇಡಿ, ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಡಬೇಡಿ, ಸುಟ್ಟು ಹುಣ್ಣಾಗುತ್ತದೆ.

ಎಲ್ಲಿಗೆ ಹೋಗುವುದು, ಏನು ಕೇಳುವುದು

1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಕೋಟೆ ಭಾಗದಲ್ಲಿದೆ. ನಮ್ಮ ದಾಸರಹಳ್ಳಿ ಮೆಟ್ರೊ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಎಲ್ಲೂ ಬದಲಿಸದೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಹೋಗಬಹುದು, ಲಿಫ್ಟ್ ಇದೆ. ನಮ್ಮ ಉತ್ತರ ಭಾಗದಲ್ಲೇ ಆಗಬೇಕೆಂದರೆ ಮತ್ತಿಕೆರೆ ಕಡೆ ರಾಮಯ್ಯ ದಂತ ಕಾಲೇಜು, ಯಲಹಂಕದಾಚೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜು ಇವೆ. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಹೊರಗಿಗಿಂತ ಕಡಿಮೆ, ಆದರೆ ಒಂದೇ ಕೆಲಸಕ್ಕೆ ಹಲವು ಸಲ ಓಡಾಡಬೇಕಾಗಬಹುದು.

ಸಾಲಿನಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಸಂಕೋಚವಿಲ್ಲದೆ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದಾರೆ. ವಿಕಲಚೇತನರನ್ನು ಆಸ್ಪತ್ರೆಯಲ್ಲಿ ಆದ್ಯತೆಯ ಮೇಲೆ ನೋಡಬೇಕೆಂಬ ಮಾತು ಅದರ 25ನೆಯ ಕಲಮಿನಲ್ಲಿದೆ. ಯು.ಡಿ.ಐ.ಡಿ. ಕಾರ್ಡು ಜೊತೆಯಲ್ಲಿರಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಎಂಬ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗಿನದು. ಮಾಡಿಸುವಾಗ ಹಲ್ಲಿನ ಚಿಕಿತ್ಸೆಗೆ ಎಷ್ಟು ಸಿಗುತ್ತದೆಂದು ಕೇಳಿ ತಿಳಿಯಿರಿ. ಹದಿನೆಂಟು ದಾಟಿದ ಮೇಲೆ, ತಾನೇ ಒಪ್ಪಿಗೆ ಕೊಡಲಾಗದವರ ಪರವಾಗಿ ಸಹಿ ಹಾಕಲು ಕೆಲವು ಆಸ್ಪತ್ರೆಗಳಲ್ಲಿ ಪಾಲಕತ್ವದ ಪತ್ರ ಕೇಳುತ್ತಾರೆ. ಈ ನಾಲ್ಕು ಬಗೆಯವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಅದನ್ನು ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ. ಹಲ್ಲು ನೋಯುವಾಗ ಓಡಾಡುವುದಕ್ಕಿಂತ ಈಗಲೇ ಅರ್ಜಿ ಹಾಕಿ.

ಮೊದಲು ಹೇಳಿದ ಆ ಮಗನಿಗೆ ಹಲ್ಲು ಕೀಳಿಸಿದ ಮಾರನೆಯ ದಿನವೇ ನಿದ್ದೆ ಬಂತು, ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ನಾನು ಆ ತಾಯಿಯ ಕ್ಷಮೆ ಕೇಳಿದೆ. “ಬಿಡಮ್ಮ, ನನಗೇ ಗೊತ್ತಾಗ್ಲಿಲ್ಲ” ಎಂದರು. ಹಿಂದೆ ನಿಂತು ಉಜ್ಜಿಸುವುದನ್ನು ಅವರಿಗೆ ಕಲಿಸಿದೆ, ವರ್ಷಗಟ್ಟಲೆ ಬಿಡದೆ ಮಾಡಿದರು. ಆಮೇಲೊಮ್ಮೆ ಅವರೇ ಬಿದ್ದು ಸೊಂಟದ ಮೂಳೆ ಮುರಿದು ಮಲಗಿದರು. ಎರಡು ತಿಂಗಳು ಮಗನ ಬಾಯಿಯನ್ನು ಯಾರೂ ನೋಡಲಿಲ್ಲ. ಅಷ್ಟರಲ್ಲಿ ಇನ್ನೆರಡು ಹಲ್ಲು ಹೋದವು. ಅಣ್ಣನಿಗೆ ತಮ್ಮನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಬ್ರಷ್ ಹಿಡಿಯುವುದು ಹೇಗೆಂದು ಅವನಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೆ. ಆದ್ದರಿಂದ ನಿಮ್ಮ ಮನೆಯಲ್ಲಿ ಉಜ್ಜಿಸುವ ಕೈ ಒಂದೇ ಇದ್ದರೆ ಈ ವಾರವೇ ಇನ್ನೊಬ್ಬರಿಗೆ ಕಲಿಸಿ. ಅಣ್ಣನೋ ಅತ್ತಿಗೆಯೋ ಚಿಕ್ಕಪ್ಪನ ಮಗನೋ, ಯಾರಾದರೂ ಸರಿ. ವಾರಕ್ಕೆರಡು ರಾತ್ರಿ ಅವರೇ ಉಜ್ಜಿಸಲಿ, ನೀವು ಪಕ್ಕದಲ್ಲಿ ಕುಳಿತು ನೋಡಿ.

ಇದನ್ನು ಕಲಿಯಬೇಕೆನ್ನುವವರು ನಮ್ಮ ಶುಶ್ರೂಷಾ ವಿಭಾಗಕ್ಕೆ ಇಬ್ಬರು ಜೊತೆಯಾಗಿ ಬನ್ನಿ, ತೋರಿಸಿಕೊಡುತ್ತೇವೆ. ತೆಗೆದುಕೊಳ್ಳುವ ಮಾತ್ರೆಗಳ ಹಾಳೆಯನ್ನೂ, ಈಗ ಬಳಸುತ್ತಿರುವ ಬ್ರಷ್ಷನ್ನೂ ತನ್ನಿ. ನಮಗೆ ತೋರಿಸಲೆಂದು ಹೊಸ ಬ್ರಷ್ ಕೊಂಡು ತರಬೇಡಿ. ಹಳೆಯದನ್ನು ನೋಡಿದರೆ ನಮಗೆ ಅರ್ಧ ವಿಷಯ ಗೊತ್ತಾಗುತ್ತದೆ.